ಬೋರ್ ನೀರಿಗೆ ಹೊಟ್ಟೆ ಕೆಡುತ್ತಾ? ಊರು ಬದಲಾದಾಗ ಹಿಂಗೆ ಮಾಡ್ರಿ

ಭದ್ರಾ ನಾಲೆಯಿಂದ ತುಂಬೋ ಕುಂದವಾಡ ಕೆರೆ ನೀರು ಕುಡ್ಕೊಂಡು ದಾವಣಗೆರೇಲಿ ಬೆಳೆದವಳು ನಾನು, ಮದುವೆ ಆಗಿ ಚಳ್ಳಕೆರೆ ಕಡೆ ಹೋಗಿ ಬೋರ್ ನೀರು ಕುಡಿದ ಮೊದಲ ವಾರಾನೇ ಹೊಟ್ಟೆ ಕೈಕೊಡ್ತು, ದಿನಕ್ಕೆ ಮೂರು ನಾಕು ಸಲ ಓಡಾಟ. ಅತ್ತೆ "ನೀರು ಬದಲಾಗೈತಲ್ಲ, ಹೊಂದ್ಕಳುತ್ತೆ ಬಿಡು" ಅಂದ್ರು, ಹೊಂದ್ಕೊಳ್ತು ಕೂಡ.

ಬೋರ್ ನೀರು ಬಹಳ ಕಡೆ ಗಡಸು, ಅಂದ್ರೆ ಖನಿಜ ಜಾಸ್ತಿ ಇರೋ ನೀರು. ಅದರಲ್ಲಿ ಮೆಗ್ನೀಸಿಯಂ, ಸಲ್ಫೇಟ್ ಜಾಸ್ತಿ ಇದ್ರೆ ಕರುಳು ಅದನ್ನ ಪೂರ್ತಿ ಹೀರ್ಕೊಳಲ್ಲ, ಉಳಿದಿದ್ದು ಕರುಳೊಳಗೇ ನೀರು ಹಿಡಿದಿಟ್ಕೊಳುತ್ತೆ, ಅದಕ್ಕೇ ಮಲ ಸಡಿಲ ಆಗೋದು. ಭೇದಿ ಆಗ್ಲಿ ಅಂತ ಕೊಡೋ ಎಪ್ಸಮ್ ಸಾಲ್ಟ್ ಅಂದ್ರೂ ಇದೇ ಮೆಗ್ನೀಸಿಯಂ ಸಲ್ಫೇಟ್. ಫ್ರಾನ್ಸ್‌ನಲ್ಲಿ ಹೆಪಾರ್ ಅನ್ನೋ ಬಾಟಲಿ ನೀರನ್ನ ಮಲಬದ್ಧತೆ ಇರೋರು ದುಡ್ಡು ಕೊಟ್ಟು ಕುಡೀತಾರೆ, ಲೀಟರಿಗೆ ಸುಮಾರು 119 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತಂತೆ ಅದರಲ್ಲಿ.

ಹಂಗಾಗಿ ಹೊಸ ಊರಿಗೆ ಹೋದ್ರೆ ಒಂದೇ ಸಲಕ್ಕೆ ಪೂರ್ತಿ ಆ ನೀರಿಗೆ ಇಳೀಬೇಡ್ರಿ. ಮೊದಲೆರಡು ದಿನ ಮುಕ್ಕಾಲು ಪಾಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಕಾಲು ಪಾಲು ಬೋರ್ ನೀರು, ಆಮೇಲೆ ಅರ್ಧರ್ಧ, ಹಿಂಗೆ ಒಂದು ವಾರದಲ್ಲಿ ಬದಲಾಯಿಸ್ಕಳ್ರಿ. ಬರೀ ಹೊಟ್ಟೇಲಿ ಚೊಂಬುಗಟ್ಟಲೆ ಕುಡಿಯೋದು ಬ್ಯಾಡ. ಜ್ವರ, ವಾಂತಿ, ಮಲದಲ್ಲಿ ರಕ್ತ ಬಂದ್ರೆ ಅದು ಖನಿಜದ ಆಟ ಅಲ್ಲ, ಓಆರ್‌ಎಸ್ ಕುಡೀತಾ ಡಾಕ್ಟ್ರ ಹತ್ರ ಹೋಗ್ರಿ. ಕಿಡ್ನಿ ತೊಂದರೆ ಇರೋರು ಡಾಕ್ಟ್ರನ್ನ ಕೇಳ್ದೆ ಏನೂ ಮಾಡ್ಬೇಡ್ರಿ.

ನೀರು ಗಡಸೋ ಅಲ್ವೋ ಅಂತ ಅಡಿಗೆ ಮನೇನೇ ಹೇಳುತ್ತೆ: ತೊಗರಿಬೇಳೆ ಎಷ್ಟು ಸೀಟಿ ಹೊಡೆಸಿದ್ರೂ ಕಾಳುಕಾಳು, ಸೋಪು ನೊರೆ ಬರಲ್ಲ, ನೀರು ಕಾಯಿಸೋ ಪಾತ್ರೆ ತಳದಲ್ಲಿ ಬಿಳಿ ಪದರ. ಕುದಿಸಿ ಆರಿಸಿ ಬಟ್ಟೇಲಿ ಸೋಸಿದ್ರೆ ಸ್ವಲ್ಪ ಗಡಸುತನ ಆ ಬಿಳಿ ಪುಡಿಯಾಗಿ ಹೋಗುತ್ತೆ, ರೋಗಾಣುನೂ ಸಾಯ್ತವೆ, ಆದ್ರೆ ಸಲ್ಫೇಟ್ ಹೋಗಲ್ಲ, ಫ್ಲೋರೈಡ್ ಅಂತೂ ಹೋಗೋದೇ ಇಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಹೆಚ್ಚುತ್ತೆ.

ಈ ಫ್ಲೋರೈಡೇ ನಮ್ಮ ಚಿತ್ರದುರ್ಗ ಕಡೆ ನಿಜವಾದ ತಲೆನೋವು. ಹಲ್ಲು ಕಂದುಗಟ್ಟೋದು ಎಲ್ರಿಗೂ ಗೊತ್ತು, ಆದ್ರೆ ಗ್ಯಾಸು, ಹೊಟ್ಟೆನೋವು, ಹಸಿವಾಗ್ದೇ ಇರೋದು ಕೂಡ ಅದರಿಂದ ಬರಬಹುದು, ಜನ ಮಾತ್ರ ಮಿರ್ಚಿ ಮಂಡಕ್ಕಿ ಮೇಲೆ ತಪ್ಪು ಹಾಕ್ತಾರೆ. ನೀರಲ್ಲಿ ಕರಗಿರೋದ್ರ ಒಟ್ಟು ಲೆಕ್ಕ ಮಾತ್ರ ತೋರಿಸೋ ಟಿಡಿಎಸ್ ಮೀಟರ್ ಅದ್ದಿ ನೋಡಿದ್ರೆ ಫ್ಲೋರೈಡ್ ಎಷ್ಟಿದೆ ಅಂತ ತಿಳಿಯಲ್ಲ. ನೀರನ್ನ ಲ್ಯಾಬಿಗೆ ಕೊಟ್ಟು ಒಟ್ಟು ಗಡಸುತನ, ಸಲ್ಫೇಟ್, ನೈಟ್ರೇಟ್, ಫ್ಲೋರೈಡ್ ಬೇರೆಬೇರೆ ಬರೆದುಕೊಡಿ ಅನ್ರಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೆಕ್ಕದಲ್ಲಿ ಲೀಟರಿಗೆ ಗಡಸುತನ 200, ಸಲ್ಫೇಟ್ 200, ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ರೆ ಚಿಂತೆ ಇಲ್ಲ, ಬೇರೆ ನೀರೇ ಇಲ್ಲ ಅಂದ್ರೆ 600, 400, 1.5ರ ತನಕ. ನೈಟ್ರೇಟ್ 45 ದಾಟಂಗಿಲ್ಲ. ಫ್ಲೋರೈಡ್ ಜಾಸ್ತಿ ಬಂದ್ರೆ ಯೋಚ್ನೆ ಮಾಡ್ದೆ ಆರ್‌ಓ ನೀರಿಗೆ ಬನ್ನಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಬಹುಪಾಲು ಹೋಗಿರುತ್ತೆ, ಅದನ್ನ ರಾಗಿಮುದ್ದೆ, ಮಜ್ಜಿಗೆ, ಸೊಪ್ಪು, ಎಳ್ಳಲ್ಲಿ ತುಂಬ್ಕಳ್ರಿ.

ಬರೀ ಗಡಸು ಅಂತ ಬಂದ್ರೆ ಹೆದರ್ಬೇಡ್ರಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕಿಡ್ನಿ ಕಲ್ಲಿಗೆ ಕಾರಣವಾಗೋ ಆಕ್ಸಲೇಟನ್ನ ಕರುಳಲ್ಲೇ ಕಟ್ಟಿಹಾಕುತ್ತೆ, ಅಂದ್ರೆ ಗಡಸು ನೀರು ಕುಡಿದ್ರೆ ಕಿಡ್ನಿ ಕಲ್ಲು ಆಗೇ ಆಗುತ್ತೆ ಅನ್ನೋ ಮಾತು ಅಷ್ಟು ಸರಿಯಿಲ್ಲ, ನೀರು ಕಮ್ಮಿ ಕುಡಿಯೋದೇ ಹೆಚ್ಚು ಅಪಾಯ.

ನಮ್ಮತ್ತೆ ಮನೆ ಬೋರಿನ ರಿಪೋರ್ಟಲ್ಲಿ ಫ್ಲೋರೈಡ್ 0.8 ಬಂತು. ಮಾವ ಈಗ ದಾವಣಗೆರೆಗೆ ಬಂದ್ರೆ ಎರಡು ದಿನಕ್ಕೇ "ನಿಮ್ಮ ಕೆರೆ ನೀರಿಗೆ ಹೊಟ್ಟೆ ಸಾಫ್ ಆಗಲ್ಲ ಕಣಮ್ಮ" ಅಂತ ಗೊಣಗ್ತಾರೆ, ಹೋದ ಸಲ ಬಸ್ಸಲ್ಲಿ ಐದು ಲೀಟರ್ ಕ್ಯಾನಲ್ಲಿ ಬೋರ್ ನೀರು ಹೊತ್ಕೊಂಡೇ ಬಂದಿದ್ರು.