ಗೇರು, ಹಲಸು, ಅರಸಿನ: ಹತ್ತಿ ಸೀರೆಗೆ ಬಿದ್ದ ಕಲೆ ಬಿಡಿಸುವ ಬಗೆ

ಕಾಸರಗೋಡಿನ ಕಡೆ ಹತ್ತಿ ಸೀರೆ ಉಡುವವರಿಗೆ ಕಲೆಯ ಸಾಮಾನೆಲ್ಲ ಹಿತ್ತಿಲಿನಲ್ಲೇ ಇರುತ್ತದೆ. ಬೇಸಿಗೆಗೆ ಗೇರುಹಣ್ಣು, ಅದರ ಬೆನ್ನಿಗೇ ಹಲಸು, ವರ್ಷವಿಡೀ ಬಾಳೆಕಾಯಿ ಮತ್ತು ಎಲೆಅಡಕೆ, ಜೂನ್ ಬಂತೆಂದರೆ ಬೂಷ್ಟು. ಒಂದೊಂದರ ಗುಣ ಒಂದೊಂದು. ಯಾವ ಕಲೆಯಾದರೂ ಸರಿ, ಬಾರ್ ಸೋಪು ಉಜ್ಜಿ ಬಿಸಿನೀರಿಗೆ ಹಾಕಿಬಿಡುವ ಅಭ್ಯಾಸವೇ ಒಳ್ಳೊಳ್ಳೆಯ ಸೀರೆಗಳನ್ನು ಹಾಳು ಮಾಡುವುದು. ಕಲೆ ಬಿದ್ದ ಕೂಡಲೇ ಸೋಪು ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಚೊಗರೋ (ಕಾಯಿ, ಹಣ್ಣುಗಳ ಒಗರು ರಸ), ಮೇಣವೋ, ಜಿಡ್ಡೋ, ತುಕ್ಕೋ? ಉತ್ತರ ಸಿಕ್ಕಿದರೆ ಮುಂದಿನ ದಾರಿ ತಾನಾಗಿ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಸೀರೆಯ ಬಣ್ಣದ ಬಗ್ಗೆ ಎರಡು ಮಾತು. ಭೌಗೋಳಿಕ ಸೂಚಕ ಪಡೆದಿರುವ ಕಾಸರಗೋಡು ಕೈಮಗ್ಗದ ಸೀರೆಗಳ ನೂಲಿಗೆ ವ್ಯಾಟ್ ಬಣ್ಣ ಹಾಕುವ ರೂಢಿಯಿದೆ. ಈ ಬಣ್ಣ ಕರಗಿದ ರೂಪದಲ್ಲಿ ನೂಲಿನ ಒಳಗೆ ಇಳಿದು, ಗಾಳಿ ತಾಗಿದ ಮೇಲೆ ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿ ಅಲ್ಲೇ ಕೂರುತ್ತದೆ. ಹಾಗಾಗಿ ಒಗೆತವನ್ನೂ ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ, ಕೆಳಗೆ ಹೇಳುವ ಉಪಾಯಗಳಲ್ಲಿ ಹೆಚ್ಚಿನವನ್ನು ಅದರ ಮೇಲೆ ಧೈರ್ಯವಾಗಿ ಮಾಡಬಹುದು. ಸಂತೆಯಲ್ಲೋ ಮೇಳದಲ್ಲೋ ಚಂದ ಕಂಡಿತೆಂದು ಕೊಂಡ ಸೀರೆಗೆ ಆ ಭರವಸೆ ಇಲ್ಲ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೂ ಅದು ಕೈಮಗ್ಗದ್ದೆಂದು ಹೇಳುತ್ತದೆಯೇ ಹೊರತು ಬಣ್ಣ ಬಿಡದೆಂದು ಹೇಳುವುದಿಲ್ಲ. ಆದ್ದರಿಂದ ಪರೀಕ್ಷೆ ತಪ್ಪಿಸಬಾರದು. ಸೊಂಟಕ್ಕೆ ಸಿಕ್ಕಿಸುವ ಒಳತುದಿಯ ಮೂಲೆಗೆ, ಬಳಸಲಿರುವ ದ್ರಾವಣದ ನಾಲ್ಕು ಹನಿ ಹಾಕಿ, ಮೇಲೆ ಬಿಳಿ ಬಟ್ಟೆಯಿಟ್ಟು 10 ನಿಮಿಷ ಒತ್ತಿ ಹಿಡಿಯಿರಿ. ಬಿಳಿಯ ಮೇಲೆ ಬಣ್ಣ ಕಂಡರೆ ಅಲ್ಲಿಗೇ ನಿಲ್ಲಿಸಿ.

ಚೊಗರಿನ ಕಲೆಗಳದ್ದೇ ದೊಡ್ಡ ಸಂಸಾರ. ಗೇರುಹಣ್ಣಿನ ರಸ, ಬಾಳೆಕಾಯಿ ಮತ್ತು ಬಾಳೆದಿಂಡಿನ ಸೊನೆ, ಎಳೆ ಅಡಕೆಯ ರಸ, ಚಹಾ, ಎಲ್ಲವೂ ಈ ಗುಂಪಿನವೇ. ಮಲೆನಾಡಿನಲ್ಲಿ ಅಡಕೆ ಬೇಯಿಸಿದ ಚೊಗರನ್ನೇ ಹತ್ತಿಬಟ್ಟೆಗೆ ಬಣ್ಣವಾಗಿ ಹಾಕುತ್ತಾರೆ ಎಂದರೆ ಇದು ಏಕೆ ಬಿಡುವುದಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಳೆಯ ಸೊನೆ ಇವುಗಳಲ್ಲೆಲ್ಲ ಮೋಸಗಾರ. ಬಿದ್ದಾಗ ನೀರಿನಂತೆ ತಿಳಿ, ಏನೂ ಕಾಣುವುದಿಲ್ಲ. ಗಾಳಿ ತಾಗಿದಂತೆ ಕಂದಾಗಿ, ಒಗೆದು ಒಣಗಿಸಿದ ಮೇಲೆ ಕಪ್ಪಾಗಿ ಏಳುತ್ತದೆ. ಕಾಯಿ ಹೆಚ್ಚುವಾಗ ಸೆರಗಿಗೆ ಹನಿ ಸಿಡಿದ ಅನುಮಾನವಿದ್ದರೂ ಸಾಕು, ಕಲೆ ಕಾಣುವವರೆಗೆ ಕಾಯಬೇಡಿ.

ಹಸಿ ಕಲೆಗೆ: ಬಟ್ಟೆಯನ್ನು ತಿರುವಿ, ಕಲೆಯ ಹಿಂಬದಿಯಿಂದ ತಣ್ಣೀರು ಬಿಡಿ. ಮುಂಬದಿಯಿಂದ ಬಿಟ್ಟರೆ ರಸ ಇನ್ನೂ ಒಳಕ್ಕೆ ಹೋಗುತ್ತದೆ. ಬಳಿಕ ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಲಿಂಬೆರಸ ಅಥವಾ ಬಿಳಿ ವಿನೆಗರ್ ಬೆರೆಸಿ, ಕಲೆಯ ಜಾಗವನ್ನಷ್ಟೇ 15 ನಿಮಿಷ ಅದ್ದಿಡಿ. ತೊಳೆದು, ದ್ರವರೂಪದ ಡಿಟರ್ಜೆಂಟ್ ಹಾಕಿ ಬೆರಳ ತುದಿಯಲ್ಲಿ ತಟ್ಟಿ. ಬಾರ್ ಸೋಪು ಬೇಡವೇ ಬೇಡ. ಚೊಗರಿನ ಕಲೆಯನ್ನು ಅದು ಬಿಡಿಸುವ ಬದಲು ಗಟ್ಟಿ ಮಾಡುತ್ತದೆ. ಬ್ರಷ್ ಕೂಡ ಬೇಡ, ನೂಲು ಜುಂಗೆದ್ದ ಜಾಗ ಕಲೆ ಹೋದ ಮೇಲೂ ಬೇರೆಯಾಗಿಯೇ ಕಾಣುತ್ತದೆ.

ಒಣಗಿದ ಕಲೆಗೆ ಆಕ್ಸಿಜನ್ ಬ್ಲೀಚ್ ಪುಡಿ ಬೇಕು, ಅಂದರೆ ಸೋಡಿಯಂ ಪರ್ಕಾರ್ಬೊನೇಟ್ ಇರುವಂಥದ್ದು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ. ನೀರು ಕೈ ತಾಳುವಷ್ಟು ಬಿಸಿ, ಸುಮಾರು 40 ಡಿಗ್ರಿ ಇರಲಿ, ತಣ್ಣೀರಿನಲ್ಲಿ ಇದರ ಕೆಲಸ ತೀರ ನಿಧಾನ. ಎರಡು ಮೂರು ಗಂಟೆ ನೆನೆಸಿ, ತೊಳೆದು, ಕಲೆ ಉಳಿದಿದ್ದರೆ ಹೊಸ ದ್ರಾವಣ ಮಾಡಿ ಮತ್ತೊಮ್ಮೆ. ನಿನ್ನೆಯ ದ್ರಾವಣಕ್ಕೆ ಶಕ್ತಿ ಉಳಿದಿರುವುದಿಲ್ಲ, ಅದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಒಳಗೆ ಆಮ್ಲಜನಕ ತುಂಬಿ ಬಾಟಲಿ ಸಿಡಿಯಬಹುದು. ರೇಷ್ಮೆಗೆ ಇದನ್ನು ಮುಟ್ಟಿಸಬೇಡಿ. ಜರಿ ಅಂಚನ್ನು ದ್ರಾವಣದ ಹೊರಗೇ ಇಡಿ.

ಇಲ್ಲಿ ನಮ್ಮ ಊರಿನದೇ ಒಂದು ತೊಡಕಿದೆ. ಮುರಕಲ್ಲಿನ ನೆಲದ ಎಷ್ಟೋ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ. ರಾತ್ರಿ ತುಂಬಿಸಿಟ್ಟ ಬಕೆಟಿನ ತಳದಲ್ಲಿ ಬೆಳಗ್ಗೆ ಕೆಂಗಂದು ಬಣ್ಣದ ಪುಡಿ ಕೂತಿದ್ದರೆ ನಿಮ್ಮ ನೀರೂ ಅಂಥದ್ದೇ. ಚೊಗರಿಗೆ ಕಬ್ಬಿಣ ಸೇರಿದರೆ ಹುಟ್ಟುವುದು ಶಾಯಿ. ಹಿಂದೆ ಬರೆಯಲು ಮಾಡುತ್ತಿದ್ದ ಕಪ್ಪು ಶಾಯಿಯ ಮೂಲವೂ ಇದೇ ಜೋಡಿ. ತಿಳಿಕಂದು ಕಲೆ ಒಗೆದ ಮೇಲೆ ನೀಲಿಗಪ್ಪಾಗಿದ್ದರೆ ಆದದ್ದು ಇಷ್ಟೇ. ಆಗ ಕ್ರಮ ತಿರುಗಿಸಬಾರದು: ಮೊದಲು ಲಿಂಬೆರಸ ಮತ್ತು ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು ಕಬ್ಬಿಣವನ್ನು ತೆಗೆಯಿರಿ, ಚೆನ್ನಾಗಿ ತೊಳೆಯಿರಿ, ಆಮೇಲೆ ಆಕ್ಸಿಜನ್ ಬ್ಲೀಚ್ ಪುಡಿ. ಕಲೆ ತೊಳೆಯುವ ಆ ಒಂದು ಬಕೆಟ್ ನೀರಿಗೆ ಮಳೆನೀರು ಹಿಡಿದರೆ ಇನ್ನೂ ಉತ್ತಮ.

ವರ್ಷಗಟ್ಟಲೆ ಹಳೆಯ ಬಾಳೆಕರೆ ಪೂರ್ತಿ ಹೋಗುತ್ತದೆಂದು ನಂಬಬೇಡಿ. ತಿಳಿಯಾಗುತ್ತದೆ, ಅಷ್ಟೆ. ಅದಕ್ಕಾಗಿ ಕ್ಲೋರಿನ್ ಬ್ಲೀಚ್ ಸುರಿದು ಸೀರೆಯ ಬಣ್ಣವನ್ನೇ ತಿನ್ನಿಸುವುದು ದುಡುಕು.

ಎಲೆಅಡಕೆಯ ಕೆಂಪು ಇದೇ ಮನೆತನದ್ದಾದರೂ ಅದರಲ್ಲಿ ಸುಣ್ಣ ಬೆರೆತಿದೆ. ಲಿಂಬೆರಸ ಹಚ್ಚಿದರೆ ಸುಣ್ಣದ ಬಲ ಕುಂದಿ ಕೆಂಪು ಕಂದಾಗುತ್ತದೆ. ಮುಂದಿನದು ಒಣ ಕಲೆಯ ದಾರಿಯೇ.

ಗೇರುಬೀಜದ ಸಿಪ್ಪೆಯ ಎಣ್ಣೆ ಮಾತ್ರ ಹಣ್ಣಿನ ರಸದಂತಲ್ಲ. ಚರ್ಮ ಸುಡುತ್ತದೆ, ಬೊಕ್ಕೆ ಏಳುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ರಬ್ಬರ್ ಕೈಗವಸು ಹಾಕಿ. ಅದು ನೀರಿಗೆ ಬಗ್ಗದ ಎಣ್ಣೆಯಾದ್ದರಿಂದ ಮುಂದೆ ಹೇಳುವ ಮೇಣದ ಉಪಚಾರವೇ ಇದಕ್ಕೂ ಸಲ್ಲುತ್ತದೆ.

ಹಲಸಿನ ಮೇಣಕ್ಕೆ ನೀರು ಹಾಕಿದಷ್ಟೂ ನಷ್ಟ. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಸೊಳೆ ಬಿಡಿಸುವವರು ಸೀರೆಗೆ ಮೇಣ ತಾಗಿದಾಗ ಎಣ್ಣೆಯನ್ನು ಮರೆತು ನಲ್ಲಿಗೆ ಓಡುತ್ತಾರೆ. ಹಾಗೆ ಮಾಡದೆ, ಮೇಣ ದಪ್ಪಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಡು ಹಾಕಿ ಅದರ ಮೇಲಿಡಿ. ಗಟ್ಟಿಯಾದ ಮೇಲೆ ಚಮಚದ ಅಂಚಿನಿಂದ ಮೆಲ್ಲಗೆ ಕೆರೆದರೆ ಹೆಚ್ಚಿನ ಪಾಲು ಎದ್ದು ಬರುತ್ತದೆ. ಉಳಿದದ್ದಕ್ಕೆ ತೆಂಗಿನೆಣ್ಣೆ ಹಚ್ಚಿ 20 ನಿಮಿಷ ಬಿಟ್ಟು, ಅಡಿಯಲ್ಲಿ ಹಳೆ ಬಟ್ಟೆಯಿಟ್ಟು ಒತ್ತಿ ಒರಸಿ. ಕರಗಿದ ಮೇಣ ಹಳೆ ಬಟ್ಟೆಗೆ ಇಳಿಯುತ್ತದೆ, ಅದರ ಜಾಗ ಬದಲಿಸುತ್ತ ಹೋಗಿ. ಕೊನೆಗೆ ಎಣ್ಣೆಯನ್ನು ತೆಗೆಯಲು ಪಾತ್ರೆ ತೊಳೆಯುವ ದ್ರವ ಸೋಪು. ಇದಕ್ಕೂ ಬಗ್ಗದ ಮೇಣಕ್ಕೆ ಸ್ವಲ್ಪ ಸೀಮೆಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಒರಸಬಹುದು. ಅಂಗಳದಲ್ಲಿ, ಒಲೆ ದೀಪಗಳಿಂದ ದೂರ. ವಾಸನೆ ಪೂರ್ತಿ ಹೋಗುವವರೆಗೆ ಆ ಸೀರೆ ವಾಷಿಂಗ್ ಮೆಷಿನ್ನಿಗೂ ಇಸ್ತ್ರಿಗೂ ಹೋಗಬಾರದು.

ಅರಸಿನದ ಕಲೆಗೆ ಸೋಪು ತಾಗಿದೊಡನೆ ಹಳದಿಯೆಲ್ಲ ಕಡುಗೆಂಪಾಗುತ್ತದೆ. ಸೀರೆ ಹೋಯಿತೆಂದು ಗಾಬರಿಪಡುವುದು ಇಲ್ಲೇ. ಆರತಿಯ ಹರಿವಾಣದಲ್ಲಿ ಅರಸಿನದ ನೀರಿಗೆ ಸುಣ್ಣ ಬೆರೆಸಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ: ಅರಸಿನದ ಕರ್ಕ್ಯುಮಿನ್ ಕ್ಷಾರ ಸೇರಿದರೆ ಕೆಂಪು, ಹುಳಿ ಸೇರಿದರೆ ಮತ್ತೆ ಹಳದಿ. ಸೋಪು ತೊಳೆದುಹೋದಂತೆ ಕೆಂಪೂ ಇಳಿಯುತ್ತದೆ. ಸಾಂಬಾರಿನ ಹನಿಯಲ್ಲಿ ಅರಸಿನ ಎಣ್ಣೆಯ ಜೊತೆ ಇರುವುದರಿಂದ ಮೊದಲು ಎಣ್ಣೆ ಹೋಗಬೇಕು. ಪಾತ್ರೆಯ ದ್ರವ ಸೋಪನ್ನು ನೇರವಾಗಿ ಹಚ್ಚಿ 10 ನಿಮಿಷ ಬಿಟ್ಟು ತಣ್ಣೀರಿನಲ್ಲಿ ತೊಳೆಯಿರಿ, ಎರಡು ಸಲ. ಉಳಿದ ಹಳದಿಯನ್ನು ಸೂರ್ಯನಿಗೆ ಬಿಡಿ. ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ, ಇದಕ್ಕಿಂತ ಒಳ್ಳೆಯ ಮದ್ದು ಅಂಗಡಿಯಲ್ಲಿ ಸಿಗದು. ಕಲೆಯ ಜಾಗವನ್ನು ಒದ್ದೆ ಮಾಡಿ, ಉಳಿದ ಸೀರೆಯನ್ನು ಮಡಚಿ ದಪ್ಪ ಟವೆಲಿನಡಿ ಮುಚ್ಚಿ, ಕಲೆಯಷ್ಟೇ ಬಿಸಿಲಿಗೆ ಬೀಳುವಂತೆ ಎರಡು ಮೂರು ಗಂಟೆ ಇಡಿ. ಒಣಗಿದರೆ ಮತ್ತೆ ನೀರು ಚಿಮುಕಿಸಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಎಣ್ಣೆ ತೆಗೆದು, ತೊಳೆದು, ಒಣಗಿಸಿ, ಇಸ್ತ್ರಿ ಹಾಕದೆ ಇಟ್ಟುಕೊಂಡು ಬಿಸಿಲಿನ ದಿನಕ್ಕೆ ಕಾಯುವುದೇ ಮೇಲು.

ದೇವಸ್ಥಾನದಲ್ಲೋ ದೈವದ ಕೋಲದಲ್ಲೋ ಮೈಮೇಲೆ ಬಿದ್ದ ಅರಸಿನ ಹುಡಿಗೆ ಮತ್ತು ಕುಂಕುಮಕ್ಕೆ ಒಂದೇ ನಿಯಮ: ಒದ್ದೆ ಕೈ ತಾಗಿಸಬೇಡಿ. ಬಟ್ಟೆಯನ್ನು ಎಳೆದು ಹಿಡಿದು ಕೊಡವಿ, ಅಂಟಿದ್ದನ್ನು ಒಣ ಬ್ರಷ್‌ನಿಂದ ಹಗುರವಾಗಿ ಹೊಡೆಯಿರಿ. ಹುಡಿ ಹುಡಿಯಾಗಿಯೇ ಹೋಗುವಾಗ ಬೆವರು ತಾಗಿಸಿ ಬಣ್ಣ ಮಾಡಿಕೊಳ್ಳುವುದೇಕೆ?

ಜಿಡ್ಡಿನದು ಸುಲಭ. ಮಧೂರಿನ ಅಪ್ಪ ಪ್ರಸಾದದ ತುಪ್ಪವಿರಲಿ, ದೀಪದ ಎಣ್ಣೆಯಿರಲಿ, ಮೇಲೆ ಟಾಲ್ಕಂ ಪೌಡರ್ ಅಥವಾ ಒಣ ಅಕ್ಕಿಹಿಟ್ಟು ಹರಡಿ ಅರ್ಧ ಗಂಟೆ ಬಿಟ್ಟು ಕೊಡವಿ, ಬಳಿಕ ದ್ರವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ಒಗೆಯಿರಿ. ರಕ್ತಕ್ಕೆ ತಣ್ಣೀರು ಮತ್ತು ಉಪ್ಪು, ಬಿಸಿನೀರು ಎಂದಿಗೂ ಅಲ್ಲ. ತುಕ್ಕು ಬರುವುದು ರವಕೆಯ ಹುಕ್ಕು, ಹಳೆ ಪಿನ್ನು, ಕಬ್ಬಿಣದ ತಂತಿಯ ಮೇಲೆ ಒಣಹಾಕುವುದು, ಇವುಗಳಿಂದ. ಲಿಂಬೆರಸ ಹಿಂಡಿ ಉಪ್ಪು ಉದುರಿಸಿ, ಒಂದು ಗಂಟೆ ಬಿಸಿಲಿಗಿಟ್ಟು ತೊಳೆಯಿರಿ. ತುಕ್ಕಿಗೆ ಕ್ಲೋರಿನ್ ಬ್ಲೀಚ್ ಹಾಕಿದರೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಬೂಷ್ಟಿನ ಮಾತು ಬಂದಾಗ ಗಂಜಿಯಿಂದಲೇ ಶುರು ಮಾಡಬೇಕು. ಗಂಜಿ ಹಾಕಿದ ಸೀರೆ ಉಡಲು ಚಂದ, ನೆರಿಗೆ ಕೂತಲ್ಲೇ ಕೂರುತ್ತದೆ. ಆದರೆ ಗಂಜಿ ಎಂದರೆ ಬೂಷ್ಟಿಗೂ ಬಟ್ಟೆ ತಿನ್ನುವ ಹುಳಕ್ಕೂ ಊಟ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಉಡದೆ ಒಳಗಿಡುವ ಸೀರೆಗಳನ್ನೆಲ್ಲ ಗಂಜಿ ಪೂರ್ತಿ ಹೋಗುವಂತೆ ತೊಳೆದು, ಚೆನ್ನಾಗಿ ಒಣಗಿಸಿ, ಬಿಸಿಲಿನ ಕಾವು ಆರಿದ ಮೇಲೆ ಮಡಚಿ. ಕಾವಿರುವಾಗಲೇ ಕಪಾಟಿಗೆ ತುರುಕಿದರೆ ಒಳಗೆ ಬೆವರುತ್ತದೆ. ಕಪಾಟನ್ನು ಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳು ಜಾಗ ಬಿಡಿ, ಸೀರೆಗಳ ನಡುವೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನುಸಿಗುಳಿಗೆ ಇರುವುದು ಹುಳಕ್ಕೆ, ತೇವಕ್ಕಲ್ಲ. ಕರಿಚುಕ್ಕಿ ಎದ್ದೇಬಿಟ್ಟರೆ ಮನೆಯ ಹೊರಗೆ, ಒಣಗಿರುವಾಗಲೇ ಬ್ರಷ್ ಮಾಡಿ, ಆಕ್ಸಿಜನ್ ಬ್ಲೀಚ್ ಪುಡಿಯ ದ್ರಾವಣದಲ್ಲಿ ನೆನೆಸಿ, ಬಿಸಿಲಿಗೆ ಹಾಕಿ. ವಾರದೊಳಗಿನ ಚುಕ್ಕಿ ಹೋಗುತ್ತದೆ. ನೂಲಿನೊಳಗೆ ಬೇರೂರಿದ್ದು ಹೋಗುವುದಿಲ್ಲ.

ಗಂಜಿಗೆ ಬೆಳ್ತಿಗೆ ಅಕ್ಕಿಯ ತೆಳಿಯೇ ಆಗಬೇಕು. ಕುಚ್ಚಿಲಕ್ಕಿಯ ತೆಳಿ ತಿಳಿ ಬಣ್ಣದ ಸೀರೆಗೂ ಕಸವಿನ ಮುಂಡಿಗೂ ಕೆಂಪು ಛಾಯೆ ಕೊಡುತ್ತದೆ. ಅರ್ಧ ಕಪ್ ಅಕ್ಕಿಯನ್ನು ಎರಡು ಲೀಟರ್ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ತೆಳಿಯನ್ನು ಬಟ್ಟೆಯಲ್ಲೇ ಸೋಸಿ, ಏಕೆಂದರೆ ಜರಡಿಯಲ್ಲಿ ಇಳಿದ ಅಗುಳಿನ ಚೂರು ಇಸ್ತ್ರಿಯಡಿ ಬಿಳಿ ಚುಕ್ಕೆಯಾಗುತ್ತದೆ. ಅದಕ್ಕೆ ಎರಡರಷ್ಟು ತಣ್ಣೀರು ಬೆರೆಸಿ, ಒಗೆದು ಹಿಂಡಿದ ಒದ್ದೆ ಸೀರೆಯನ್ನು ಅದ್ದಿ. ಒಣ ಸೀರೆ ಗಂಜಿಯನ್ನು ಒಂದೊಂದು ಕಡೆ ಒಂದೊಂದು ತೆರ ಹೀರಿ ಪಟ್ಟೆಪಟ್ಟೆಯಾಗುತ್ತದೆ. ನೆರಳಿನಲ್ಲಿ ಒಣಗಿಸಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹಾಕಿ.

ಬಿಡದ ಕಲೆ ಇರುವ ಸೀರೆಯನ್ನು ಮೂಲೆಗೆಸೆಯಬೇಕಾಗಿಲ್ಲ. ಸೀರೆಯನ್ನು ಉದ್ದಕ್ಕೆ ಹಾಸಿ, ಕಲೆ ಎಲ್ಲಿ ಬೀಳುತ್ತದೆಂದು ನೋಡಿ. ಒಳಸುತ್ತಿನಲ್ಲೋ ನೆರಿಗೆಯ ಮಡಿಕೆಯಲ್ಲೋ ಇದ್ದರೆ ಯಾರ ಕಣ್ಣಿಗೂ ಬೀಳದು. ಕೆಳಅಂಚಿನ ಬಳಿಯ ಕಲೆಯನ್ನು, ಎರಡೂ ಅಂಚು ಒಂದೇ ತೆರನಾದ ಸೀರೆಯಾದರೆ, ಫಾಲ್ ಬಿಚ್ಚಿ ಇನ್ನೊಂದು ಅಂಚಿಗೆ ಹೊಲಿದು ಸೀರೆಯನ್ನೇ ತಲೆಕೆಳಗು ಮಾಡಿ ಉಡಬಹುದು. ಇನ್ನು ಹಲಸಿನ ಕಾಲದಲ್ಲಿ ನಿತ್ಯಕ್ಕೆ ಸೀರೆ ಆರಿಸುವಾಗ ಸಣ್ಣ ಚೌಕುಳಿಯ ಕಡುಬಣ್ಣಕ್ಕೆ ಸಾಟಿಯಿಲ್ಲ. ಎರಡು ಬಣ್ಣದ ನೂಲು ಹೆಣೆದುಕೊಂಡಲ್ಲಿ ಸಣ್ಣ ಕಲೆ ಕಣ್ಣಿಗೆ ಹೊಡೆಯುವುದಿಲ್ಲ.

ಗೇಟಿನ ಮೊಳೆಗೋ ಸ್ಕೂಟರಿನ ಹಿಡಿಗೋ ಸಿಕ್ಕಿ ಎಳೆಯೊಂದು ಹೊರಬಂದರೆ ಕತ್ತರಿಸಬೇಡಿ, ಅಲ್ಲಿಂದ ತೂತು ಶುರುವಾಗುತ್ತದೆ. ಸೂಜಿಯ ತುದಿಯಿಂದ ಆ ಕುಣಿಕೆಯನ್ನು ಹಿಂಬದಿಗೆ ದಾಟಿಸಿ, ಬಟ್ಟೆಯನ್ನು ಎರಡೂ ಕಡೆಯಿಂದ ಓರೆಯಾಗಿ ಎಳೆಯುತ್ತ ಬಂದರೆ ಎಳೆ ತನ್ನ ಜಾಗಕ್ಕೆ ಮರಳುತ್ತದೆ. ಹರಿದೇ ಹೋಗಿದ್ದರೆ ರಫೂ ಮಾಡಬೇಕು. ದಾರವನ್ನು ಅದೇ ಸೀರೆಯ ರವಕೆ ಕಣದಿಂದಲೋ ಒಳತುದಿಯಿಂದಲೋ ಬಿಡಿಸಿಕೊಳ್ಳಿ, ಅಂಗಡಿಯ ದಾರ ಬಣ್ಣ ಹೊಂದಿದರೂ ಹೊಳಪು ಹೊಂದುವುದಿಲ್ಲ. ಹರಿದ ಅಂಚಿನಿಂದ ಒಂದು ಸೆಂಟಿಮೀಟರ್ ಆಚೆ, ಗಟ್ಟಿ ಬಟ್ಟೆಯಲ್ಲಿ ಶುರು ಮಾಡಿ. ಗಂಟು ಹಾಕಬೇಡಿ. ಮೊದಲು ಹಾಸಿನ (ಉದ್ದ ಎಳೆಯ) ದಿಕ್ಕಿನಲ್ಲಿ ಸಾಲು, ಮತ್ತೆ ಅವುಗಳ ಮೇಲೆ ಕೆಳಗೆ ದಾಟಿಸುತ್ತ ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿನಲ್ಲಿ. ಪ್ರತಿ ತಿರುವಿನಲ್ಲಿ ಕೂದಲೆಳೆಯಷ್ಟು ದಾರ ಸಡಿಲ ಬಿಡಿ, ಇಲ್ಲದಿದ್ದರೆ ಒಗೆದಾಗ ಕುಗ್ಗಿ ಸುತ್ತಲಿನ ಬಟ್ಟೆಯನ್ನು ಹಿಡಿದೆಳೆಯುತ್ತದೆ.

ಭುಜದ ಮೇಲಿನ ಹರುಕಿಗೆ ಹೆಚ್ಚಾಗಿ ಕಾರಣ ಸೇಫ್ಟಿಪಿನ್ನಿನ ಸುರುಳಿ. ಒಂದೇ ಪದರಕ್ಕೆ ಚುಚ್ಚದೆ ಸೆರಗಿನ ನಾಲ್ಕಾರು ಮಡಿಕೆ ಸೇರಿಸಿ ಚುಚ್ಚಿ. ಅದಕ್ಕೂ ಮೊದಲು ಪಿನ್ನಿಗೆ ಒಂದು ಸಣ್ಣ ಮಣಿ ಪೋಣಿಸಿ ಸುರುಳಿಯವರೆಗೆ ಸರಿಸಿಬಿಡಿ. ಬಟ್ಟೆ ಮಣಿಯ ಬಳಿ ನಿಲ್ಲುತ್ತದೆ, ಸುರುಳಿಯ ಬಾಯಿಗೆ ಸಿಕ್ಕುವುದಿಲ್ಲ.