ಹುಮಣಿ ದುಂಬಿಗೆ ಬೆಳಕಿನ ಬಲೆ: ದೌಂಡ್‌ನ ಕಬ್ಬಿನ ಹೊಲದಲ್ಲಿ ನನ್ನ ಅನುಭವ

ಪುಣೆ ಜಿಲ್ಲೆಯ ದೌಂಡ್ ತಾಲ್ಲೂಕಿನಲ್ಲಿ, ಭೀಮಾ ತೀರದಲ್ಲಿ ಕಬ್ಬು ಬೆಳೆಯುವ ನಮಗೆ ಇಲ್ಲಿಯವರು ಹುಮಣಿ ಎನ್ನುವ ಗೊಣ್ಣೆಹುಳುವಿನ ಕಾಟ ದೊಡ್ಡದು. ಬೇರು ತಿನ್ನಲು ತೊಡಗಿದ ಹುಳುವನ್ನು ಮಣ್ಣಿನೊಳಗೆ ಹುಡುಕಿ ಕೊಲ್ಲುವುದು ಕಷ್ಟ. ಆದರೆ ವರ್ಷಕ್ಕೆ ಒಂದೇ ಪೀಳಿಗೆಯಿರುವ ಈ ಕೀಟದಲ್ಲಿ, ಹುಳು ಬೆಳೆದು ಆದ ದುಂಬಿಗಳು ಮೊದಲ ಮಳೆ ಬಿದ್ದ ಬಳಿಕ ಮುಸ್ಸಂಜೆಗೆ ಮಣ್ಣಿನಿಂದೆದ್ದು, ಬೇವು, ಜಾಲಿ, ಬೋರೆ ಮರಗಳಿಗೆ ಹಾರಿ, ಎಲೆ ತಿಂದು, ನಸುಕಿಗೆ ಮತ್ತೆ ಮಣ್ಣು ಸೇರಿ ಮೊಟ್ಟೆಯಿಡುತ್ತವೆ. ಅದಕ್ಕೇ ನಾನು ಹೊಲಕ್ಕೂ ಬದುವಿನ ಬೇವಿನ ಮರಗಳಿಗೂ ನಡುವೆ, ಬೆಳೆಯ ತುದಿಗಿಂತ ತುಸು ಮೇಲೆ ಬೆಳಕಿನ ಬಲೆ ಕಟ್ಟುತ್ತೇನೆ.

ದೀಪ 365 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಎಲ್‌ಇಡಿ. ಮನೆಯ ಬಿಳಿ ಎಲ್‌ಇಡಿ ಬಲ್ಬಿನಲ್ಲಿ ದುಂಬಿಗಳನ್ನು ಸೆಳೆಯುವ ಈ ಕಿರಣಗಳು ಇಲ್ಲವೆಂಬಷ್ಟು ಕಡಿಮೆ.

ದೀಪದ ಕೆಲಸ ದುಂಬಿಯನ್ನು ಹತ್ತಿರಕ್ಕೆ ಕರೆತರುವುದಷ್ಟೇ. ಬಂದ ದುಂಬಿ ಬೆಳಕಿನ ಸುತ್ತ ಗಿರಕಿ ಹೊಡೆದು, ತಡೆಯೇನೂ ಸಿಗದಿದ್ದರೆ ಬಲೆಯ ಹೊರಗೇ ನೆಲಕ್ಕೆ ಬಿದ್ದು ಅಲ್ಲಿಯ ಮಣ್ಣನ್ನೇ ಹೊಕ್ಕುತ್ತದೆ. ಹಾಗಾದರೆ ಬಲೆಯೇ ಕೀಟವನ್ನು ಹೊಲಕ್ಕೆ ಕರೆದಂತಾಗುತ್ತದೆ. ಆದ್ದರಿಂದ ದೀಪದ ನಾಲ್ಕೂ ಬದಿಗೆ ಪಾರದರ್ಶಕ ಅಕ್ರಿಲಿಕ್ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಬೆಳಕನ್ನು ಮರೆಮಾಡದ, ನುಣುಪಾದ ಈ ಪಟ್ಟಿಗಳಿಗೆ ಡಿಕ್ಕಿ ಹೊಡೆದ ದುಂಬಿ ಹಿಡಿತ ಸಿಗದೆ ನೇರ ಕೆಳಗಿನ ಆಲಿಕೆಗೆ ಬೀಳುತ್ತದೆ. ಆಲಿಕೆಯ ಬಾಯಿ ಪಟ್ಟಿಗಳ ಹರವಿಗಿಂತ ಅಗಲವಾಗಿರಬೇಕು, ಒಳಮೈ ತುಕ್ಕಿಲ್ಲದೆ ಕಡಿದಾಗಿ ಇಳಿಯಬೇಕು, ಕೆಳಗಿನ ಕಂಡಿಯಲ್ಲಿ ಹಲವು ದುಂಬಿಗಳು ಒಮ್ಮೆಗೇ ಬಿದ್ದರೂ ಸಿಕ್ಕಿಕೊಳ್ಳಬಾರದು. ನನ್ನ ದೃಷ್ಟಿಯಲ್ಲಿ ಹೆಚ್ಚು ವ್ಯಾಟಿನ ದೀಪಕ್ಕಿಂತ ಈ ಅಳತೆಗಳಿಗೆ ಹಣ ಹಾಕುವುದು ಲೇಸು.

ಆಲಿಕೆಯ ಕೆಳಗೆ ನೀರಿನ ಬಕೆಟ್ ಇಡದೆ ಜಾಲರಿ ತಳದ ಡಬ್ಬಿ ಇಟ್ಟಿದ್ದೇನೆ. ಬೆಳಕಿಗೆ ಬರುವ ಹಸಿರು ಜಾಲರೆಕ್ಕೆಯ ಕೀಟ, ಸಣ್ಣ ಪರೋಪಜೀವಿ ಕಣಜಗಳಂಥ ಮಿತ್ರಕೀಟಗಳು ಕಂಡಿಗಳಿಂದ ಪಾರಾಗುತ್ತವೆ, ದಪ್ಪನೆಯ ದುಂಬಿ ಉಳಿಯುತ್ತದೆ. ಈ ಮಿತ್ರಕೀಟಗಳ ಸಲುವಾಗಿಯೇ ದೀಪವನ್ನು ರಾತ್ರಿಯಿಡೀ ಉರಿಸುವುದಿಲ್ಲ. ದುಂಬಿಗಳು ಹೆಚ್ಚಾಗಿ ಹಾರುವುದು ಕತ್ತಲಾದ ಮೊದಲ ಗಂಟೆಗಳಲ್ಲಿ, ಹಾಗಾಗಿ ಹತ್ತಕ್ಕೆ ಆರಿಸುತ್ತೇನೆ.

ಬೆಳದಿಂಗಳಿನಲ್ಲಿ ದೀಪದ ಸೆಳೆತ ಕುಗ್ಗುತ್ತದೆ. ಅಂಥ ರಾತ್ರಿಗಳಲ್ಲಿ ಅಕ್ಕಪಕ್ಕದ ಹೊಲದವರೂ ಸೇರಿ ಬೇವಿನ ಕೊಂಬೆಗಳನ್ನು ಗಳದಿಂದ ಅಲುಗಿಸಿ, ಕೆಳಗೆ ಹಾಸಿದ ತಾಡಪಾಲಿಗೆ ಉದುರಿದ ದುಂಬಿಗಳನ್ನು ಆರಿಸಿ ಸೋಪಿನ ನೀರಿಗೆ ಹಾಕುತ್ತೇವೆ.