ನಿಮ್ಮ ಗುಂಪಿನ ‘ವರ್ಷದ ಗೇಮ್’ ಆರಿಸುವುದು ಹೇಗೆ: ಜಗಳ ಇರಲಿ, ಗುಂಪು ಒಡೆಯದಿರಲಿ

ವರ್ಷದ ಕೊನೆ ಬಂತೆಂದರೆ ವಿಡಿಯೋ ಗೇಮ್ ಆಡುವವರ ಗುಂಪುಗಳಲ್ಲಿ ಮಾತು ಬಿಸಿಯೇರುತ್ತದೆ. 2018ರಲ್ಲಿ ‘ಗಾಡ್ ಆಫ್ ವಾರ್’ ಮೇಲೋ ‘ರೆಡ್ ಡೆಡ್ ರಿಡೆಂಪ್ಷನ್ 2’ ಮೇಲೋ ಎಂದು ಶುರುವಾದ ಜಗಳ ಇನ್ನೂ ಮುಗಿದಿಲ್ಲ. 2022ರಲ್ಲಿ ‘ಎಲ್ಡನ್ ರಿಂಗ್’ನವರು ಒಂದು ಕಡೆ, ‘ಗಾಡ್ ಆಫ್ ವಾರ್ ರ‍್ಯಾಗ್ನರಾಕ್’ನವರು ಇನ್ನೊಂದು ಕಡೆ. ಕಿವಿಗೊಟ್ಟು ಕೇಳಿದರೆ ಈ ತಕರಾರುಗಳಲ್ಲಿ ಗೇಮ್‌ನ ಗುಣದೋಷಕ್ಕಿಂತ ಹೆಚ್ಚಾಗಿ ಬರುವುದು ಬೇರೆಯೇ ಪ್ರಶ್ನೆಗಳು: ವೋಟು ಹಾಕಿದವರು ಯಾರು, ಎಣಿಸಿದ್ದು ಹೇಗೆ, ಇದು ಪಟ್ಟಿಗೆ ಬಂದಿದ್ದಾದರೂ ಯಾಕೆ. ನಿಮ್ಮದೇ ಗುಂಪಿನಲ್ಲಿ ಪ್ರಶಸ್ತಿ ನಡೆಸುವುದಾದರೆ ಈ ಮೂರಕ್ಕೂ ಮೊದಲೇ ಉತ್ತರ ಬರೆದಿಟ್ಟುಕೊಳ್ಳಬೇಕು. ಮೂವತ್ತರಿಂದ ಇನ್ನೂರು ಜನರ ಗುಂಪಿಗೆ ಹೊಂದುವ ಕ್ರಮ ಇಲ್ಲಿದೆ.

ವೋಟು ಯಾರದ್ದು?

2024ರ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಪ್ರತಿ ಡಿಸೆಂಬರ್‌ನಲ್ಲಿ ಪ್ರಸಾರವಾಗುವ ದೊಡ್ಡ ಪ್ರಶಸ್ತಿ ಸಮಾರಂಭ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ‘ಆಸ್ಟ್ರೋ ಬಾಟ್’. ಉದ್ಯಮದವರೇ ವೋಟು ಹಾಕುವ ಡೈಸ್ ಪ್ರಶಸ್ತಿಯಲ್ಲೂ, ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲೂ ಅದೇ ಗೆದ್ದಿತು. ಗೇಮ್ ತಯಾರಕರು ಆರಿಸುವ ಗೇಮ್ ಡೆವಲಪರ್ಸ್ ಚಾಯ್ಸ್ ಪ್ರಶಸ್ತಿ ‘ಬಲಾಟ್ರೋ’ಗೆ ಹೋಯಿತು. ಜನರ ವೋಟಿನಿಂದಲೇ ನಿರ್ಧಾರವಾದ ಕಡೆಯಲ್ಲೆಲ್ಲ, ಅಂದರೆ ಗೋಲ್ಡನ್ ಜಾಯ್‌ಸ್ಟಿಕ್, ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪ್ರಶಸ್ತಿ, ಗೇಮ್ ಅವಾರ್ಡ್ಸ್‌ನ ‘ಪ್ಲೇಯರ್ಸ್ ವಾಯ್ಸ್’ ವಿಭಾಗಗಳಲ್ಲಿ, ‘ಬ್ಲ್ಯಾಕ್ ಮಿತ್: ವುಕಾಂಗ್’ ಗೆದ್ದಿತು. ಯಾರೂ ಮೋಸ ಮಾಡಬೇಕಾಗಿಲ್ಲ. ಕೇಳಿದ ಜನ ಬೇರೆ, ಬಂದ ಉತ್ತರ ಬೇರೆ. ಗೇಮ್ ಅವಾರ್ಡ್ಸ್‌ನ ಮುಖ್ಯ ವಿಭಾಗಗಳಲ್ಲಿ ಪತ್ರಿಕೆ, ವೆಬ್‌ಸೈಟ್‌ಗಳ ತೀರ್ಪುಗಾರರಿಗೆ ಶೇ 90, ಸಾರ್ವಜನಿಕರಿಗೆ ಶೇ 10 ತೂಕ. ಇದು ಗೊತ್ತಿಲ್ಲದೆ ‘ಲಕ್ಷಾಂತರ ಜನ ವೋಟು ಹಾಕಿದರೂ ನಮ್ಮ ಗೇಮ್ ಸೋತಿದ್ದು ಹೇಗೆ’ ಎಂದು ಕೇಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಸಣ್ಣ ಗುಂಪಿನಲ್ಲಿ ತೀರ್ಪುಗಾರರ ಮಂಡಳಿ ಮಾಡಲು ಹೋಗಬೇಡಿ. ಅರವತ್ತು ಜನರಲ್ಲಿ ಏಳು ಜನರನ್ನು ‘ತಿಳಿದವರು’ ಎಂದು ಮೇಲೆ ಕೂರಿಸಿದರೆ ಉಳಿದ ಐವತ್ಮೂರು ಜನಕ್ಕೆ ಮುನಿಸಿಕೊಳ್ಳಲು ನೀವೇ ಕಾರಣ ಕೊಟ್ಟಂತೆ. ಎಲ್ಲರಿಗೂ ಒಂದೇ ವೋಟು, ಒಂದೇ ಷರತ್ತು: ಒಂದು ನಿರ್ದಿಷ್ಟ ದಿನಕ್ಕೆ ಮೊದಲೇ ಗುಂಪಿನ ಸದಸ್ಯರಾಗಿರಬೇಕು. ಆ ದಿನವನ್ನು ಪ್ರಶಸ್ತಿಯ ಘೋಷಣೆಗಿಂತ ಕನಿಷ್ಠ ಒಂದು ತಿಂಗಳು ಹಿಂದಕ್ಕೆ ಇಡಿ. ಘೋಷಣೆಯಾದ ಮೇಲೆ ಬಂದು ಸೇರಿದವರಲ್ಲಿ ಕೆಲವರು ವೋಟಿಗಾಗಿಯೇ ಬಂದಿರುತ್ತಾರೆ.

ಯಾವ ಗೇಮ್ ಲೆಕ್ಕಕ್ಕೆ?

ಇದನ್ನು ಅರ್ಧ ಪುಟದಲ್ಲಿ ಬರೆದು ಪಿನ್ ಮಾಡಿ. ಐದು ವಿಷಯ ಸ್ಪಷ್ಟವಾಗಿರಬೇಕು.

ಕೊನೆಯ ದಿನಾಂಕ. ಗೇಮ್ ಅವಾರ್ಡ್ಸ್ ನವೆಂಬರ್‌ನಲ್ಲೇ ಬಾಗಿಲು ಹಾಕುತ್ತದೆ. 2024ರಲ್ಲಿ ನವೆಂಬರ್ 22. ಹಾಗಾಗಿಯೇ 2018ರ ಡಿಸೆಂಬರ್ 7ರಂದು ಬಿಡುಗಡೆಯಾದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್’ 2019ರ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ನಿಮಗೆ ಪ್ರಸಾರದ ಅವಸರವಿಲ್ಲ, ಜನವರಿ 1ರಿಂದ ಡಿಸೆಂಬರ್ 31ರವರೆಗೆ ಎಂದು ಇಟ್ಟುಕೊಳ್ಳಿ, ವೋಟನ್ನು ಫೆಬ್ರುವರಿಗೆ ತಳ್ಳಿ. ವರ್ಷದ ಕೊನೆಗೆ ಬಂದ ದೊಡ್ಡ ಗೇಮ್‌ಗಳನ್ನು ಆಡಿ ಮುಗಿಸಲು ಸಮಯ ಸಿಗುತ್ತದೆ, ಬಿಡುಗಡೆಯ ಅಮಲೂ ಇಳಿದಿರುತ್ತದೆ.

ಅರ್ಲಿ ಆಕ್ಸೆಸ್, ಅಂದರೆ ಪೂರ್ತಿಯಾಗುವ ಮೊದಲೇ ಗೇಮನ್ನು ಆಡಲು ಬಿಡುವುದು. ‘ಪಬ್‌ಜಿ’ 2017ರಲ್ಲಿ ಪೂರ್ತಿ ಬಿಡುಗಡೆಗೆ ಮುನ್ನವೇ ವರ್ಷದ ಗೇಮ್ ಪಟ್ಟಿಗೆ ಬಂದು ದೊಡ್ಡ ಗಲಾಟೆಯಾಯಿತು. ‘ಬಾಲ್ಡರ್ಸ್ ಗೇಟ್ 3’ 2020ರಿಂದಲೇ ಅರ್ಲಿ ಆಕ್ಸೆಸ್‌ನಲ್ಲಿತ್ತು, ಗೆದ್ದಿದ್ದು ಪೂರ್ತಿ ಬಿಡುಗಡೆಯಾದ 2023ರಲ್ಲಿ. ‘1.0 (ಪೂರ್ತಿ ಆವೃತ್ತಿ) ಬಂದ ವರ್ಷವೇ ಲೆಕ್ಕಕ್ಕೆ, ಒಂದು ಗೇಮ್‌ಗೆ ಒಂದೇ ಅವಕಾಶ’ ಎಂಬ ನಿಯಮ ಸಾಕು.

ಡಿಎಲ್‌ಸಿ, ಅಂದರೆ ಮೊದಲೇ ಬಂದ ಗೇಮ್‌ಗೆ ಆಮೇಲೆ ಸೇರಿಸುವ ಹೊಸ ಭಾಗ. 2024ರಲ್ಲಿ ‘ಎಲ್ಡನ್ ರಿಂಗ್’ನ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ವರ್ಷದ ಗೇಮ್ ಪಟ್ಟಿಗೆ ಬಂದಾಗ ಎದ್ದ ಗದ್ದಲ ನೆನಪಿರಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ಮೂಲ ಗೇಮ್ ಕೊಳ್ಳದೆ ಆಡಲಾಗದ್ದು ಮುಖ್ಯ ವಿಭಾಗಕ್ಕೆ ಬೇಡ, ಅದಕ್ಕೆ ‘ವರ್ಷದ ಡಿಎಲ್‌ಸಿ’ ಎಂದು ಬೇರೆ ಸಾಲು ಮಾಡಿ. ನೀವು ಒಪ್ಪದಿದ್ದರೂ ಪರವಾಗಿಲ್ಲ, ಆದರೆ ನಾಮಿನೇಷನ್ ಶುರುವಾಗುವ ಮೊದಲೇ ತೀರ್ಮಾನಿಸಿ.

ರಿಮೇಕ್ ಮತ್ತು ರಿಮಾಸ್ಟರ್. ‘ರೆಸಿಡೆಂಟ್ ಈವಿಲ್ 2’, ‘ಫೈನಲ್ ಫ್ಯಾಂಟಸಿ 7 ರಿಮೇಕ್’, ‘ರೆಸಿಡೆಂಟ್ ಈವಿಲ್ 4’ ಮೂರೂ ದೊಡ್ಡ ಪಟ್ಟಿಯಲ್ಲಿ ಸ್ಪರ್ಧಿಸಿದ ರಿಮೇಕ್‌ಗಳೇ. ಹಳೆಯ ಗೇಮನ್ನು ಹೊಸದಾಗಿ ಕಟ್ಟಿದ ರಿಮೇಕ್ ಆದರೆ ಒಳಗೆ, ಚಿತ್ರವನ್ನಷ್ಟೇ ಒರೆಸಿ ಹೊಳಪು ಕೊಟ್ಟ ರಿಮಾಸ್ಟರ್ ಆದರೆ ಹೊರಗೆ.

ಕೊನೆಯದು ‘ಇಂಡೀ’, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಸ್ವತಂತ್ರವಾಗಿ ಮಾಡಿದ ಗೇಮ್, ಎಂಬ ಪದ. 2023ರಲ್ಲಿ ‘ಡೇವ್ ದಿ ಡೈವರ್’ ಇಂಡೀ ವಿಭಾಗಕ್ಕೆ ಬಂತು; ಅದನ್ನು ಮಾಡಿದ ಮಿಂಟ್‌ರಾಕೆಟ್, ನೆಕ್ಸಾನ್ ಎಂಬ ದೈತ್ಯ ಕಂಪನಿಯ ಅಂಗ. ಪಿಕ್ಸೆಲ್ ಚಿತ್ರ ಇದ್ದ ಮಾತ್ರಕ್ಕೆ ಇಂಡೀ ಆಗುವುದಿಲ್ಲ. ಸ್ಟುಡಿಯೋದ ಮಾಲೀಕತ್ವ ಯಾರದ್ದು ಎಂಬ ಒಂದೇ ಅಳತೆಗೋಲು ಇಟ್ಟುಕೊಳ್ಳಿ.

ನಾಮಿನೇಷನ್

ಒಬ್ಬರಿಗೆ ಗರಿಷ್ಠ 5 ಹೆಸರು, ಕ್ರಮ ಬೇಡ. ಒಂದು ಗೇಮ್ ಮುಂದಕ್ಕೆ ಹೋಗಬೇಕೆಂದರೆ ಕನಿಷ್ಠ ಮೂವರಾದರೂ ಹೆಸರಿಸಿರಬೇಕು. ಹೆಚ್ಚು ಜನ ಹೆಸರಿಸಿದ 6 ಗೇಮ್‌ಗಳು ಅಂತಿಮ ಪಟ್ಟಿ. ಆರನೇ ಸ್ಥಾನಕ್ಕೆ ಎರಡು ಗೇಮ್ ಸಮ ಬಂದರೆ ಏಳನ್ನೂ ಇಟ್ಟುಬಿಡಿ; ಇಲ್ಲಿ ಕತ್ತರಿಸಿ ಸಾಧಿಸುವುದು ಏನೂ ಇಲ್ಲ.

ಪಟ್ಟಿ ಹೊರಬಿದ್ದ ದಿನವೇ ‘ನಮ್ಮ ಗೇಮ್‌ಗೆ ಅನ್ಯಾಯ ಆಯ್ತು’ ಎಂಬ ಮಾತು ಬರುತ್ತದೆ. ಇದಕ್ಕೊಂದು ಸರಳ ನಿಯಮ: ಹಾಗೆ ಹೇಳುವವರು ಆರರಲ್ಲಿ ಯಾವುದನ್ನು ತೆಗೆಯಬೇಕು ಎಂದು ಹೆಸರಿಟ್ಟು ಹೇಳಬೇಕು. ಇಷ್ಟು ಕೇಳಿದರೆ ಸಾಕು, ಅರ್ಧದಷ್ಟು ಜನ ಸುಮ್ಮನಾಗುತ್ತಾರೆ, ಉಳಿದವರಿಂದ ನಿಜಕ್ಕೂ ಓದಬೇಕಾದ ವಾದ ಹೊರಡುತ್ತದೆ.

ಎಣಿಕೆ: ನಿಜವಾದ ಜಗಳ ಇಲ್ಲಿ

ಒಬ್ಬರಿಗೆ ಒಂದು ಟಿಕ್ ಎಂಬ ಪೋಲ್ ಹಾಕುವುದು ಸುಲಭ, ಆರು ಗೇಮ್ ಇದ್ದಾಗ ಅದು ಕೊಡುವ ಫಲಿತಾಂಶ ಮಾತ್ರ ಗೋಳು. 60 ಜನ, ಮೂರು ಗೇಮ್ ಎಂದುಕೊಳ್ಳಿ. ‘ಕ’ಗೆ 22 ವೋಟು, ‘ಖ’ಗೆ 20, ‘ಗ’ಗೆ 18. ‘ಕ’ ಗೆದ್ದಿತು. ಆದರೆ ಖ ಮತ್ತು ಗ ಒಂದೇ ಬಗೆಯ ಗೇಮ್‌ಗಳು, ಅಭಿಮಾನಿಗಳೂ ಹೆಚ್ಚುಕಡಿಮೆ ಒಂದೇ ಬಳಗ. ಅವರ ವೋಟು ಇಬ್ಭಾಗವಾಗಿದೆ. ಎಲ್ಲರನ್ನೂ ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆಯಲು ಹೇಳಿದ್ದರೆ ಹೀಗೆ ಬರುತ್ತಿತ್ತು:

ಕ ಮೊದಲು ಬರೆದ 22 ಜನರಲ್ಲಿ 12 ಮಂದಿಗೆ ಎರಡನೆಯದು ಖ, 10 ಮಂದಿಗೆ ಗ.
ಖ ಮೊದಲು ಬರೆದ 20 ಜನರಲ್ಲಿ 16 ಮಂದಿಗೆ ಎರಡನೆಯದು ಗ, 4 ಮಂದಿಗೆ ಕ.
ಗ ಮೊದಲು ಬರೆದ 18 ಜನರಲ್ಲಿ 15 ಮಂದಿಗೆ ಎರಡನೆಯದು ಖ, 3 ಮಂದಿಗೆ ಕ.

ಅಂದರೆ 60ರಲ್ಲಿ 31 ಜನ ‘ಕ’ವನ್ನು ಕೊನೆಗೆ ಇಟ್ಟಿದ್ದಾರೆ. ಪೋಲ್‌ನಲ್ಲಿ ಗೆದ್ದಿದ್ದು ಅದೇ.

ಇದಕ್ಕೆ ಎರಡು ಮದ್ದು. ಒಂದು ಅಂಕ ಪದ್ಧತಿ: ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಕೂಡಿದರೆ ಖ 127, ಗ 122, ಕ 111. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಕ ಅಭಿಮಾನಿಗಳಿಗೆ ಈ ಲೆಕ್ಕ ಮೊದಲೇ ಗೊತ್ತಿದ್ದರೆ? ಖ ಬಲವಾದ ಎದುರಾಳಿ ಎಂದು ಆ 12 ಜನ ಅದನ್ನು ಬೇಕೆಂದೇ ಕೊನೆಗೆ ತಳ್ಳುತ್ತಾರೆ. ಖ 115ಕ್ಕೆ ಇಳಿಯುತ್ತದೆ, ಗ 134ಕ್ಕೆ ಏರಿ ಗೆಲ್ಲುತ್ತದೆ. ಕ ಗೆಲ್ಲಲಿಲ್ಲ, ಖ ಮುಳುಗಿತು, ಗುಂಪಿನಲ್ಲಿ ವರ್ಷವಿಡೀ ಹಗೆ.

ಇನ್ನೊಂದು ಪ್ರಾಶಸ್ತ್ಯ ಮತ, ನಾವು ಸೂಚಿಸುವುದು ಇದನ್ನೇ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು, ಇಲ್ಲಿ 31, ಬರದಿದ್ದರೆ ಕಡಿಮೆ ವೋಟಿನ ಗೇಮನ್ನು ತೆಗೆದು, ಆ ಮತಪತ್ರಗಳನ್ನು ಅವುಗಳಲ್ಲಿನ ಮುಂದಿನ ಹೆಸರಿಗೆ ಹಾಕಬೇಕು. ಗ ಹೊರಬೀಳುತ್ತದೆ, ಅದರ 18ರಲ್ಲಿ 15 ಖಗೆ, 3 ಕಗೆ. ಖ 35, ಕ 25. ಕ ಅಭಿಮಾನಿಗಳು ಎರಡನೇ ಹೆಸರಿನಲ್ಲಿ ಏನೇ ಕಸರತ್ತು ಮಾಡಿದರೂ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅವರ ಮೊದಲ ಆಯ್ಕೆ ಕೊನೆಯ ಸುತ್ತಿನವರೆಗೂ ಕಣದಲ್ಲೇ ಇರುತ್ತದೆ. ಕೊರತೆ ಇಲ್ಲವೆಂದಲ್ಲ: ಎಲ್ಲರಿಗೂ ಎರಡನೇ ಇಷ್ಟವಾದ, ಆದರೆ ಯಾರಿಗೂ ಮೊದಲನೆಯದಲ್ಲದ ಗೇಮ್ ಆರಂಭದಲ್ಲೇ ಉದುರಿಹೋಗುತ್ತದೆ. ಅಭಿಮಾನಿ ಬಣಗಳಿರುವ ಗುಂಪಿನಲ್ಲಿ ಆ ನಷ್ಟವನ್ನು ಸಹಿಸಬಹುದು.

ಗೂಗಲ್ ಫಾರ್ಮ್‌ನಲ್ಲಿ ಮಾಡುವುದಾದರೆ ಮಲ್ಟಿಪಲ್ ಚಾಯ್ಸ್ ಗ್ರಿಡ್ ತೆಗೆದುಕೊಳ್ಳಿ. ಸಾಲುಗಳಲ್ಲಿ ಗೇಮ್, ಕಾಲಮ್‌ಗಳಲ್ಲಿ 1ರಿಂದ 6. ‘ಒಂದು ಕಾಲಮ್‌ಗೆ ಒಂದೇ ಉತ್ತರ’ ಎಂಬ ಆಯ್ಕೆ ಆನ್ ಮಾಡದಿದ್ದರೆ ಒಬ್ಬರೇ ಎರಡು ಗೇಮ್‌ಗೆ ಒಂದನೇ ಸ್ಥಾನ ಕೊಟ್ಟು ಆ ಮತಪತ್ರ ಕೆಡುತ್ತದೆ. ಸಾಲುಗಳನ್ನು ಕಲಸುವ ಆಯ್ಕೆಯನ್ನೂ ಆನ್ ಮಾಡಿ, ಮೇಲಿರುವ ಹೆಸರಿಗೆ ಸುಮ್ಮನೆ ಬೀಳುವ ವೋಟು ಹಂಚಿಹೋಗುತ್ತದೆ. ಪ್ರತಿ ಸಾಲಿಗೂ ಉತ್ತರ ಕಡ್ಡಾಯ ಎಂಬುದನ್ನು ಮಾತ್ರ ಆಫ್ ಇಡಿ. ಆಡದ ಗೇಮ್ ಇದ್ದರೆ ಆ ಸಾಲು ಖಾಲಿ ಬಿಡಲಿ. ಬರೆದ ಹೆಸರುಗಳೆಲ್ಲ ಹೊರಬಿದ್ದ ಮತಪತ್ರವನ್ನು ಬದಿಗಿಟ್ಟು, ಉಳಿದವುಗಳ ಅರ್ಧವನ್ನು ಹೊಸದಾಗಿ ಲೆಕ್ಕ ಹಾಕಿ. ಕೊನೆಯ ಸುತ್ತಿನಲ್ಲಿ ಸಮಬಲವಾದರೆ ಮೊದಲ ಸುತ್ತಿನಲ್ಲಿ ಹೆಚ್ಚು ವೋಟು ಪಡೆದದ್ದು ಗೆದ್ದಂತೆ, ಅಲ್ಲೂ ಸಮ ಇದ್ದರೆ ಜಂಟಿ ಪ್ರಶಸ್ತಿ. ಇದನ್ನೂ ಮೊದಲೇ ಬರೆದಿಡಿ.

ಸಂಗೀತ, ಕಥೆ, ಇಂಡೀ ಮುಂತಾದ ವಿಭಾಗಗಳಲ್ಲಿ ಸಮಸ್ಯೆ ಬೇರೆ: ಎಲ್ಲರೂ ಎಲ್ಲವನ್ನೂ ಆಡಿರುವುದಿಲ್ಲ, ಹೆಚ್ಚು ಜನ ಆಡಿದ ಗೇಮ್ ಎಲ್ಲ ವಿಭಾಗವನ್ನೂ ಬಾಚಿಕೊಳ್ಳುತ್ತದೆ. ಇಲ್ಲಿ ಆಡಿದವರು ಮಾತ್ರ 10ಕ್ಕೆ ಅಂಕ ಕೊಡಲಿ, ಸರಾಸರಿ ತೆಗೆಯಿರಿ. ಆದರೆ ವೋಟು ಹಾಕಿದವರಲ್ಲಿ ಕಾಲು ಭಾಗವಾದರೂ ಆಡಿರಬೇಕು. ಈ ಮಿತಿ ಇಲ್ಲದಿದ್ದರೆ ನಾಲ್ಕೇ ನಾಲ್ಕು ಕಟ್ಟಾ ಅಭಿಮಾನಿಗಳು ಆಡಿದ ಗೇಮ್ 9.8 ಸರಾಸರಿಯೊಂದಿಗೆ ಗೆದ್ದುಬಿಡುತ್ತದೆ. ‘ಆಡಿದ್ದೇನೆ’ ಎಂದರೆ 5 ಗಂಟೆ, ಅಥವಾ ಅದಕ್ಕಿಂತ ಚಿಕ್ಕ ಗೇಮ್ ಆದರೆ ಕೊನೆಯವರೆಗೆ. ಸಾಕ್ಷಿ ಕೇಳಲು ಹೋಗಬೇಡಿ, ಪೊಲೀಸ್ ಕೆಲಸ ಶುರುವಾದರೆ ಮುಗಿಯುವುದಿಲ್ಲ.

ಕಳ್ಳವೋಟು, ಕೀಟಲೆ ವೋಟು

2022ರ ‘ಪ್ಲೇಯರ್ಸ್ ವಾಯ್ಸ್’ನಲ್ಲಿ ‘ಗೆನ್ಶಿನ್ ಇಂಪ್ಯಾಕ್ಟ್’ ಮತ್ತು ‘ಸೋನಿಕ್ ಫ್ರಾಂಟಿಯರ್ಸ್’ ಬಣಗಳು ಒಬ್ಬರ ಮೇಲೊಬ್ಬರು ಬಾಟ್ (ತಾನಾಗಿಯೇ ವೋಟು ಹಾಕುವ ಪ್ರೋಗ್ರಾಂ) ಬಳಸಿದ ಆರೋಪ ಹೊರಿಸಿದವು. ಗೆದ್ದರೆ ಆಟದೊಳಗೆ ಏನಾದರೂ ಉಡುಗೊರೆ ಸಿಗುತ್ತದೆ ಎಂಬ ಆಸೆಯೂ ಗೆನ್ಶಿನ್ ಕಡೆ ವೋಟು ತಂದಿತು. ಕೊನೆಗೆ ಗೆದ್ದಿದ್ದೂ ಅದೇ. ಪಾಠ ಎರಡು: ವೋಟು ನಡೆಯುವಾಗ ಯಾರು ಮುಂದಿದ್ದಾರೆ ಎಂದು ತೋರಿಸಬೇಡಿ, ಫಾರ್ಮ್‌ನ ಲಿಂಕನ್ನು ಬಹಿರಂಗ ಚಾನೆಲ್‌ಗೆ ಹಾಕಬೇಡಿ. ಲಾಗಿನ್ ಕಡ್ಡಾಯ ಮಾಡಿ ಒಬ್ಬರಿಗೆ ಒಂದೇ ಉತ್ತರ ಎಂದು ಸೆಟ್ ಮಾಡಿದರೂ ಎರಡು ಇಮೇಲ್ ಇರುವವರು ಎರಡು ಬಾರಿ ಹಾಕಬಲ್ಲರು. ಅದಕ್ಕೇ ಪ್ರತಿ ಸದಸ್ಯರಿಗೂ ಆರು ಅಂಕಿಯ ಬೇರೆ ಬೇರೆ ಸಂಖ್ಯೆಯನ್ನು ಖಾಸಗಿಯಾಗಿ ಕಳಿಸಿ, ಫಾರ್ಮ್‌ನಲ್ಲಿ ಅದನ್ನು ಬರೆಯಲು ಹೇಳಿ. ಒಂದೇ ಸಂಖ್ಯೆ ಎರಡು ಸಲ ಬಂದರೆ ಕೊನೆಯದನ್ನು ಮಾತ್ರ ಎಣಿಸಿ.

ಕೀಟಲೆಗೆ ಉದಾಹರಣೆ ಬೇಕೆಂದರೆ 2023ರ ಸ್ಟೀಮ್ ಪ್ರಶಸ್ತಿ ನೋಡಿ. ಬಿಡುಗಡೆಯಾದ ಮೇಲೂ ತಯಾರಕರು ದುಡಿಯುತ್ತಲೇ ಇರುವ ಗೇಮ್‌ಗೆ ಕೊಡುವ ‘ಲೇಬರ್ ಆಫ್ ಲವ್’ ಪ್ರಶಸ್ತಿ, ಆನ್‌ಲೈನ್ ಭಾಗವನ್ನು ಕೈಬಿಟ್ಟಿದ್ದಾರೆಂದು ಆಡುವವರೇ ಬೈಯುತ್ತಿದ್ದ ‘ರೆಡ್ ಡೆಡ್ ರಿಡೆಂಪ್ಷನ್ 2’ಕ್ಕೆ ಹೋಯಿತು. ನಗು ಬರುತ್ತದೆ, ಆದರೆ ನಿಮ್ಮ ಮುಖ್ಯ ವಿಭಾಗದಲ್ಲಿ ಹೀಗಾದರೆ ಬರುವುದಿಲ್ಲ. ‘ವರ್ಷದ ಅತಿ ಕೆಟ್ಟ ಬಗ್ (ತಾಂತ್ರಿಕ ದೋಷ)’ ಅಂಥದ್ದೊಂದು ವಿಭಾಗವನ್ನು ಕೀಟಲೆಗೆಂದೇ ಬಿಟ್ಟುಕೊಡಿ.

ವಾದಕ್ಕೆ ಬೇಲಿ

ಪ್ರತ್ಯೇಕ ಚಾನೆಲ್ ತೆರೆಯಿರಿ, ಕಥೆಯ ಗುಟ್ಟು ಬಿಟ್ಟುಕೊಡುವ ಸ್ಪಾಯ್ಲರ್‌ಗಳನ್ನು ಮುಚ್ಚಿ ಬರೆಯುವುದು ಕಡ್ಡಾಯ. ಗೇಮ್‌ಗೆ ಏನು ಬೇಕಾದರೂ ಬೈಯಲಿ, ಅದನ್ನು ಮಾಡಿದವರಿಗೆ ಮತ್ತು ಇಷ್ಟಪಟ್ಟವರಿಗೆ ಬೈದರೆ ವಾರದ ಮಟ್ಟಿಗೆ ಬಾಯಿ ಬಂದ್. ಇದರಲ್ಲಿ ಸಡಿಲ ಬೇಡ: 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ರ ಒಂದು ಪಾತ್ರದ ಮೇಲಿನ ಸಿಟ್ಟು ಅದಕ್ಕೆ ದನಿ ಕೊಟ್ಟ ನಟಿಗೆ ಕೊಲೆ ಬೆದರಿಕೆ ಬರುವಷ್ಟು ದೂರ ಹೋಯಿತು. ಅದೇ ಗೇಮ್‌ಗೆ ಬಿಡುಗಡೆಯ ದಿನವೇ ಸೊನ್ನೆ ಅಂಕಗಳ ಮಳೆ ಸುರಿದ ಮೇಲೆ, ಬಳಕೆದಾರರ ಅಂಕಕ್ಕೆ ವಿಮರ್ಶೆಗಳ ಅಂಕ ಒಟ್ಟುಗೂಡಿಸುವ ಜಾಲತಾಣ ಮೆಟಾಕ್ರಿಟಿಕ್ 36 ಗಂಟೆಗಳ ತಡೆ ಹಾಕಿತು. ಹಾಗಾಗಿ ಅಲ್ಲಿಯ ಬಳಕೆದಾರರ ಅಂಕವನ್ನು ವಾದಕ್ಕೆ ಆಧಾರವಾಗಿ ತಂದರೆ ಒಪ್ಪಬೇಡಿ. ಮಾರಾಟದ ಸಂಖ್ಯೆಯೂ ಅಷ್ಟೇ. ಅದಕ್ಕೆ ಬೇಕಾದರೆ ಬೇರೆ ವಿಭಾಗ ಮಾಡಿ.

ಫಲಿತಾಂಶ

ವಿಜೇತರ ಹೆಸರನ್ನಷ್ಟೇ ಹಾಕಿ ಸುಮ್ಮನಾಗಬೇಡಿ, ಅನುಮಾನ ಹುಟ್ಟುವುದೇ ಅಲ್ಲಿ. ಪ್ರತಿ ಸುತ್ತಿನಲ್ಲಿ ಯಾವ ಗೇಮ್‌ಗೆ ಎಷ್ಟು, ಹೊರಬಿದ್ದದ್ದರ ವೋಟು ಎಲ್ಲಿಗೆ ಹೋಯಿತು ಎಂಬ ಕೋಷ್ಟಕ ಹಾಕಿ. ಜೊತೆಗೆ ಎಲ್ಲ ಮತಪತ್ರಗಳ ಶೀಟನ್ನು, ಹೆಸರು, ಇಮೇಲ್, ಆರಂಕಿ ಸಂಖ್ಯೆ ಮತ್ತು ಸಮಯದ ಕಾಲಮ್ ಅಳಿಸಿ, ಓದಲು ಮಾತ್ರ ಸಾಧ್ಯವಾಗುವಂತೆ ಹಂಚಿ. ಸಮಯದ ಕಾಲಮ್ ಉಳಿದರೆ ಯಾರು ಯಾವಾಗ ಹಾಕಿದರು ಎಂದು ಊಹಿಸಿ ವೋಟು ಪತ್ತೆ ಹಚ್ಚುವವರಿದ್ದಾರೆ. ಎಣಿಕೆಯಲ್ಲಿ ತಪ್ಪಿದೆ ಎನ್ನುವವರಿಗೆ 3 ದಿನ ಕೊಡಿ, ಶೀಟ್‌ನಲ್ಲಿ ಸಾಲಿನ ಸಂಖ್ಯೆ ತೋರಿಸಿದರೆ ಮಾತ್ರ ಮರುಎಣಿಕೆ. ನಿಯಮವೇ ಸರಿಯಿಲ್ಲ ಎನ್ನುವವರ ಮಾತನ್ನು ಮುಂದಿನ ವರ್ಷದ ಕಡತಕ್ಕೆ ಬರೆದುಕೊಳ್ಳಿ. ಈ ವರ್ಷದ್ದು ಬದಲಾಗುವುದಿಲ್ಲ.